ತೊಟ್ಟಿಮನೆಯಿಂದ ಹೋಂಸ್ಟೇ: ಗೋಡೆ, ಮಾಡು ಚೆನ್ನ, ಅಟ್ಟದ ಬಚ್ಚಲು ಬೇಡವಾಗಿತ್ತು

ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿಮನೆಯೊಂದನ್ನು ಹೋಂಸ್ಟೇ ಮಾಡಿಕೊಟ್ಟ ಶಿವಮೊಗ್ಗದ ಆರ್ಕಿಟೆಕ್ಟ್ ಒಬ್ಬರ ಸೇವೆಗೆ ಐದರಲ್ಲಿ ನಾಲ್ಕು ಸ್ಟಾರ್.

ಮೆಚ್ಚಬೇಕಾದ್ದು, ಗೋಡೆ ಮುಟ್ಟುವ ಮೊದಲು ನೀರಿನ ದಾರಿ ನೋಡಿದ್ದು. ಸೂರಿನ ನೀರು ಪಾಯದ ಬುಡಕ್ಕೇ ಬೀಳುತ್ತಿತ್ತು, ತೊಟ್ಟಿಯ ಮೋರಿ ಕಟ್ಟಿತ್ತು. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆ ಸೀಮೆಯ ಮಳೆಗೆ ಮಣ್ಣಿನ ಗೋಡೆ ಕುಸಿಯಲು ಅಷ್ಟು ಸಾಕು. ಮೋರಿಗೆ ಇಳಿಜಾರು ಸಿಕ್ಕ ಮೇಲೆಯೇ ಗಾರೆ ಕೆಲಸ ಶುರುವಾಗಿದೆ.

ಹಿಂದೆ ಯಾರೋ ಮೆತ್ತಿದ್ದ ಸಿಮೆಂಟನ್ನು ಪೂರ್ತಿ ತೆಗೆಸಿದ್ದಾರೆ. ನೆಲದಿಂದ ಏರುವ ತೇವ ಸಿಮೆಂಟ್ ದಾಟಿ ಆರುವುದಿಲ್ಲ. ಹಿಂದೆಯೇ ನಿಂತು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಕೊನೆಗೆ ಗಾರೆ ಮಣ್ಣಿನ ಸಮೇತ ಕಳಚಿ ಬೀಳುತ್ತದೆ. ಈಗಿರುವುದು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಅರಳಿಸಿಟ್ಟು ಸೋಸಿದ್ದಾರೆ. ಅರೆಬರೆ ಅರಳಿದ್ದನ್ನು ಬಳಿದರೆ ಅದು ಗೋಡೆಯ ಮೇಲೆ ಅರಳಿ, ಗುಳ್ಳೆ ಎದ್ದು ಸಿಡಿಯುತ್ತದೆ. ಕೆಲಸವನ್ನು ಮಳೆಗಾಲಕ್ಕೆ ಎಳೆಯದೆ ಬೇಸಿಗೆಯಲ್ಲೇ ಮುಗಿಸಿ, ಒದ್ದೆ ಗೋಣಿ ಹೊದಿಸಿ ನಿಧಾನಕ್ಕೆ ಒಣಗಿಸಿದ್ದಾರೆ. ಅವಸರದ ಮಾಲೀಕರಿಗೆ ಈ ಆರ್ಕಿಟೆಕ್ಟ್ ಒಗ್ಗಲಿಕ್ಕಿಲ್ಲ.

ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿ ಕೊಳೆತಿತ್ತು. ಇಡೀ ತೊಲೆ ಬದಲಿಸದೆ, ಕೊಳೆತಷ್ಟನ್ನೇ ಕೊಯ್ದು ಅದೇ ಜಾತಿಯ ಮರವನ್ನು ಓರೆಯಾಗಿ ಬೆಸೆದಿದ್ದಾರೆ. ತುದಿಯ ಸುತ್ತ ಗಾಳಿಯಾಡಲು ಜಾಗವನ್ನೂ ಬಿಟ್ಟಿದ್ದಾರೆ. ಹಳೇ ಮಂಗಳೂರು ಹೆಂಚನ್ನು ಒಂದೊಂದಾಗಿ ತಟ್ಟಿ ನೋಡಿ, ಗಟ್ಟಿ ಸದ್ದು ಬಂದದ್ದನ್ನೇ ಮತ್ತೆ ಹೊದಿಸಿದ್ದಾರೆ. ವೈರಿಂಗ್ ಗೋಡೆ ಕೊರೆಯದೆ ಪೈಪಿನಲ್ಲಿ ಹೊರಗೇ ಹೋಗಿದೆ.

ಒಂದು ಸ್ಟಾರ್ ಕಡಿಮೆಯಾದದ್ದು ಬಚ್ಚಲಿಗೆ. ಕೆಳಗಿನ ಕೋಣೆಗಳ ಬಚ್ಚಲುಗಳೆಲ್ಲ ಹಳೇ ಕೊಟ್ಟಿಗೆಯ ಜಾಗದಲ್ಲಿ, ಜಂಬಿಟ್ಟಿಗೆಯ ಹೊಸ ಗೋಡೆಯೊಳಗೆ ಬಂದಿವೆ. ಅದು ಸರಿ. ಆದರೆ ಅತಿಥಿಗಳಿಗೆ ಅನುಕೂಲವೆಂದು ಅಟ್ಟದ ಕೋಣೆಗೂ ಒಂದು ಕೊಟ್ಟುಬಿಟ್ಟಿದ್ದಾರೆ, ಹಲಗೆಯ ಮೇಲೆಯೇ! ಟೈಲ್ಸ್ ಸಂದಿಯಲ್ಲಿ ನೀರಿಳಿದರೆ ಕೆಳಗೆ ಕಲೆ ಕಾಣುವಷ್ಟರಲ್ಲಿ ಜಂತಿ ಹಾಳಾಗಿರುತ್ತದೆ. ಪರೀಕ್ಷಿಸಲು ಕೆಳಗಿಂದ ತೆರೆಯುವ ಹಲಗೆಯೂ ಇಲ್ಲ.

ಇವರನ್ನು ಕರೆಸುವವರು ಅಳತೆ ನಕ್ಷೆ ಮತ್ತು ಕಟ್ಟಡದ ಸ್ಥಿತಿ ವರದಿಗೆ ಬೇರೆಯಾಗಿ ಶುಲ್ಕ ಕೇಳಿ ಬರೆಸಿಕೊಳ್ಳಿ. ಜೊತೆಗೆ ಮಳೆಗೆ ಮುಂಚೆ ಹೆಂಚು, ಮೋರಿ, ಗೆದ್ದಲು ನೋಡಿಕೊಳ್ಳುವ ವಾರ್ಷಿಕ ಪಟ್ಟಿಯನ್ನೂ ಕೇಳಿ ಪಡೆಯಿರಿ, ಕೇಳದಿದ್ದರೆ ಕೊಡುವುದಿಲ್ಲ.