ಡ್ಯಾನ್ಸ್ ಶೋಗೆ ಯಾವ ಹೇಜ್ ಲಿಕ್ವಿಡ್? ನಾಲ್ಕು ಬಗೆ ಬಳಸಿದ ಮೇಲೆ ನನ್ನ ಹೋಲಿಕೆ

ಲೈಟಿನ ಕಿರಣ, ಅಂದರೆ ಬೀಮ್, ಗಾಳಿಯಲ್ಲಿ ಕಾಣಲಿ ಅಂತ ವೇದಿಕೆಯಲ್ಲಿ ಹರಡುವ ತೆಳು ಮಂಜೇ ಹೇಜ್, ಅದನ್ನು ಬಿಡುವ ಮಷಿನ್ ಹೇಜರ್. ನನ್ನ ಓಟು ಹೇಜರ್ ತಯಾರಿಸಿದ ಕಂಪನಿಯದೇ ಲಿಕ್ವಿಡ್‌ಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇರುವುದು ಜರ್ಮನಿಯ ಲುಕ್ ಸೊಲ್ಯೂಷನ್ಸ್‌ನವರ ಯೂನಿಕ್ 2.1, ಸೆಕೆಂಡ್ ಹ್ಯಾಂಡ್. ಅದಕ್ಕೆ ಅವರದೇ ಯೂನಿಕ್ ಫ್ಲೂಯಿಡ್ ಹಾಕುತ್ತೇನೆ. ರೇಟು ಕೇಳಿದರೆ ಮೊದಲ ಸಲ ಎದೆ ಝಲ್ ಅನ್ನುತ್ತದೆ. ಆದರೂ ಈಚೆಗೆ ಲೈಟಿಂಗ್‌ಗೆ ಹಾಕಿದ ದುಡ್ಡಿನಲ್ಲಿ ಇಷ್ಟು ನೆಮ್ಮದಿ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಇದಕ್ಕೆ ಮುಂಚೆ ಲೇಬಲ್ ಇಲ್ಲದ ಲೋಕಲ್ ಕ್ಯಾನ್, ಗ್ಲಿಸರಿನ್ ಮಿಕ್ಸ್, ಬಾಡಿಗೆಗೆ ತಂದ ಎಣ್ಣೆ ಹೇಜರ್, ಮೂರರಲ್ಲೂ ಶೋ ಮಾಡಿದ್ದೇನೆ.

ನಾನು ಹೆಚ್ಚಾಗಿ ಮಾಡುವುದು ಭರತನಾಟ್ಯ, ಕಥಕ್. ನಡುನಡುವೆ ನಾಟಕ. ಬಹುತೇಕ ಬೆಂಗಳೂರಿನ ಎಸಿ ಹಾಲ್‌ಗಳು. ಬರಿಗಾಲಲ್ಲಿ ಕುಣಿಯುವವರು, ವಿಂಗ್ (ವೇದಿಕೆಯ ಬದಿಯ ಮರೆ) ಪಕ್ಕದಲ್ಲೇ ಕೂತು ಹಾಡುವವರು, ಮುಂದಿನ ಸಾಲಿನಲ್ಲಿ ವಯಸ್ಸಾದವರು. ಡಿಜೆ ನೈಟ್ ಮಾಡುವವರ ಲೆಕ್ಕ ಬೇರೆ ಇರಬಹುದು. ನನ್ನ ಲೆಕ್ಕ ಶುರುವಾಗುವುದು ನೆಲದಿಂದ. ಗಾಳಿಯಲ್ಲಿ ಬೀಮ್ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದಕ್ಕಿಂತ, ಶೋ ಮುಗಿದ ಮೇಲೆ ಮ್ಯಾಟ್ ಮೇಲೆ ಏನು ಕೂತಿದೆ ಅನ್ನುವುದನ್ನು ಮೊದಲು ನೋಡುತ್ತೇನೆ.

ಲೋಕಲ್ ಕ್ಯಾನ್ ವಿಷಯಕ್ಕೆ ಬರೋಣ. ಒಂದು ರಂಗಪ್ರವೇಶಕ್ಕೆ ಆಯೋಜಕರು ಲಿಕ್ವಿಡ್ ತಾವೇ ಕೊಡುತ್ತೇವೆ ಅಂದರು. ಬಂದದ್ದು ಐದು ಲೀಟರಿನ ಬಿಳಿ ಕ್ಯಾನ್. ಮೇಲೆ ಮಾರ್ಕರ್‌ನಲ್ಲಿ 'ಸ್ಮೋಕ್' ಅಂತ ಬರೆದಿತ್ತು, ಅಷ್ಟೇ. ಏನು ಸೇರಿಸಿದ್ದಾರೆ, ಯಾರು ಮಾಡಿದ್ದಾರೆ, ಒಂದೂ ಇಲ್ಲ. ತಂದುಕೊಟ್ಟವರು 'ಎಲ್ಲಾ ಮಷಿನ್‌ಗೂ ಆಗುತ್ತೆ ಸಾರ್' ಅಂದರು. ಅದು ಆಗುವ ಮಾತಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದೊಂದು ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ.

ಬಿಸಿ ಮಾಡುವ ಬಗೆಯ ಹೇಜರ್‌ನಲ್ಲಿ ಒಂದು ಪಂಪ್ ಲಿಕ್ವಿಡ್ಡನ್ನು ಸ್ವಲ್ಪ ಸ್ವಲ್ಪವೇ ಬಿಸಿ ಬ್ಲಾಕ್‌ಗೆ ತಳ್ಳುತ್ತದೆ. ಅಲ್ಲಿ ಅದು ಪೂರ್ತಿ ಆವಿಯಾಗಿ ಹೊರಗೆ ಬಂದು, ತಣ್ಣನೆ ಗಾಳಿ ತಾಗಿ ಸಣ್ಣ ಹನಿಗಳಾಗುತ್ತದೆ. ಫ್ಯಾನ್ ಆ ಹನಿಗಳನ್ನು ಹರಡುತ್ತದೆ. ಬ್ಲಾಕ್‌ನ ಶಾಖ, ಪಂಪಿನ ವೇಗ ಎರಡನ್ನೂ ಕಂಪನಿಯವರು ತಮ್ಮ ಲಿಕ್ವಿಡ್‌ಗೆ ಹೊಂದಿಸಿರುತ್ತಾರೆ. ಲಿಕ್ವಿಡ್ಡಿನಲ್ಲಿ ನೀರಿನ ಜೊತೆ ಇರುವುದು ಗ್ಲೈಕಾಲ್ ಅನ್ನುವ ರಾಸಾಯನಿಕ. ಒಂದೊಂದು ಗ್ಲೈಕಾಲ್ ಕುದಿಯುವ ಮಟ್ಟ ಒಂದೊಂದು. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಟ್ರೈಎಥಿಲೀನ್ ಗ್ಲೈಕಾಲ್‌ಗೆ ಸುಮಾರು 285 ಬೇಕು. ಗ್ಲಿಸರಿನ್‌ಗೆ 290. ಬೇಗ ಕುದಿಯುವುದು ಗಾಳಿಯಲ್ಲೂ ಬೇಗ ಮಾಯವಾಗುತ್ತದೆ. ನಿಧಾನಕ್ಕೆ ಕುದಿಯುವುದು ಜಾಸ್ತಿ ಹೊತ್ತು ತೇಲುತ್ತದೆ, ಆದರೆ ಶಾಖ ಸಾಲದಿದ್ದರೆ ಪೂರ್ತಿ ಆವಿಯಾಗದೆ ಹನಿಯಾಗಿಯೇ ಉಳಿಯುತ್ತದೆ. ಕ್ಯಾನ್‌ನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಮಷಿನ್‌ಗೆ ಸುರಿದರೆ ಇವೆರಡರಲ್ಲಿ ಒಂದು ಕಾಟ ಖಂಡಿತ.

ನಮಗೆ ಎರಡೂ ಬಂದವು. ಪಂಪ್ ಅರ್ಧಕ್ಕಿಂತ ಮೇಲೆ ಇಟ್ಟರೂ ಎಸಿ ಹಾಕಿದ ಕೂಡಲೇ ಹೇಜ್ ತೆಳುವಾಗಿ ಬೀಮ್‌ಗಳು ಮಧ್ಯದಲ್ಲೇ ಕರಗಿಹೋಗುತ್ತಿದ್ದವು. ಜಾಸ್ತಿ ಮಾಡಿದರೆ ಮಷಿನ್ ಉಗುಳತೊಡಗಿತು. ಕೆಮ್ಮಿದ ಹಾಗೆ ಸಣ್ಣ ಸದ್ದು, ಆಮೇಲೆ ಬಾಯಿಂದ ಹನಿ. ಮಷಿನ್ ಇದ್ದದ್ದು ವಿಂಗ್ ಒಳಗೆ. ಅದರ ಮುಂದೆ ಕಪ್ಪು ವಿನೈಲ್ ಮ್ಯಾಟ್ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಸಣ್ಣ ಸಣ್ಣ ಚುಕ್ಕೆ ಬಿದ್ದಿತ್ತು. ವೇದಿಕೆಯ ಕಡೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಮೊಣಕಾಲೂರಿ ಟಾರ್ಚನ್ನು ನೆಲಕ್ಕೆ ಮಲಗಿಸಿ ಹಿಡಿದಾಗ ಮಾತ್ರ ಮಿನುಗುತ್ತದೆ.

ಡ್ಯಾನ್ಸರ್ ರಿಹರ್ಸಲ್‌ನಲ್ಲಿ ಅಲ್ಲಿಂದಲೇ ಎಂಟ್ರಿ ಕೊಟ್ಟರು. ಮೊದಲ ನೃತ್ಯ ಅಲರಿಪು ಮುಗಿಸಿ ಬಂದು, 'ಸಾರ್, ಆ ಮೂಲೇಲಿ ಕಾಲು ಜಾರತ್ತೆ, ಆಮೇಲೆ ಹಿಡ್ಕೊಳತ್ತೆ' ಅಂದರು. ಎರಡೂ ಹೇಗೆ ಅಂತ ಹೋಗಿ ನೋಡಿದೆ. ಈಗಷ್ಟೇ ಬಿದ್ದ ಹನಿ ಜಾರುತ್ತಿತ್ತು. ಮುಂಚೆ ಬಿದ್ದು ನೀರಿನಂಶ ಆರಿದ್ದು ಅಂಟಾಗಿತ್ತು. ಆ ಅಂಟಿನ ಮೇಲೆ ಕಾಲಿಗೆ ಹಚ್ಚಿದ ಆಲ್ತಾ ಎದ್ದುಬಂದು ಕೆಂಪು ಬೆರಳ ಗುರುತುಗಳಾಗಿ ಕೂತಿತ್ತು. ಒಣ ಮ್ಯಾಟ್ ಮೇಲೆ ಆಲ್ತಾ ಹಾಗೆ ಅಚ್ಚಾಗುವುದಿಲ್ಲ. ಜೋರಾಗಿ ತಟ್ಟು ಹೊಡೆದು ತಿರುಗುವಾಗ ಒಂದು ಕಾಲು ಜಾರಿ, ಇನ್ನೊಂದು ಹಿಡಿದುಕೊಂಡರೆ ಮಂಡಿ ತಿರುಚಿಕೊಳ್ಳುತ್ತದೆ. ವರ್ಷಗಟ್ಟಲೆ ಕಲಿತು ಮೊದಲ ಸಲ ವೇದಿಕೆ ಹತ್ತುವ ಹುಡುಗಿಯ ಮಂಡಿ ಅದು. ಮಷಿನ್ ಆಫ್ ಮಾಡಿಸಿ, ಮ್ಯಾಟನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿಸಿದೆ. ಅವತ್ತು ಶೋ ಹೇಜ್ ಇಲ್ಲದೆಯೇ ನಡೆಯಿತು.

ಮಾರನೇ ದಿನ ಮಷಿನ್ ಬಿಚ್ಚಿದೆವು. ಬಾಯಿಯ ಒಳಸುತ್ತು ಕಂದು ಬಣ್ಣದ ಗಟ್ಟಿ ಪದರ. ಬೆರಳ ಉಗುರಿನಿಂದ ಕೆರೆದರೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಚಕ್ಕೆ ಎದ್ದು ಬರುತ್ತಿತ್ತು. ಫಿಲ್ಟರ್ ಜಾಲರಿಯಲ್ಲಿ ಬೂದು ಬಣ್ಣದ ಕಸರು. ಕ್ಯಾನ್ ತಳದಲ್ಲೂ ಅದೇ. ಮಿನರಲ್ ತೆಗೆಯದ ಬೋರ್ ನೀರು ಬೆರೆಸಿದರೆ ಹೀಗೆ ಆಗುತ್ತದೆ. ಚಹಾ ಪಾತ್ರೆಯಲ್ಲಿ ಕೂರುವ ಸುಣ್ಣವೇ ಬಿಸಿ ಬ್ಲಾಕ್‌ನ ಸಣ್ಣ ಕೊಳವೆಯಲ್ಲೂ ಕೂರುತ್ತದೆ, ಅದು ಕಟ್ಟಿದರೆ ಪಂಪ್ ಮೇಲೆ ಒತ್ತಡ. ಸರ್ವಿಸ್ ಮಾಡಿಸಿದ ಖರ್ಚು ಕ್ಯಾನ್‌ನಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಜಾಸ್ತಿಯಾಯಿತು.

ಗ್ಲಿಸರಿನ್ ಮಿಕ್ಸ್: ಬೇಡ. ಡಿಸ್ಟಿಲ್ಡ್ ವಾಟರ್‌ಗೆ ಗ್ಲಿಸರಿನ್ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳುವವರು ತುಂಬಾ ಜನ ಇದ್ದಾರೆ. ಗ್ಲಿಸರಿನ್‌ಗೇ ಅಂತ ಡಿಸೈನ್ ಮಾಡಿದ ಮಷಿನ್, ಲಿಕ್ವಿಡ್ ಇವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಗ್ಲೈಕಾಲ್ ಮಷಿನ್‌ಗೆ ಮನೆ ಮಿಕ್ಸ್ ಹಾಕುವುದಕ್ಕೆ ಮಾತ್ರ ನನ್ನ ವಿರೋಧ. ಗ್ಲಿಸರಿನ್ ಅತಿಯಾಗಿ ಕಾದರೆ ಒಡೆದು ಅಕ್ರೋಲೀನ್ ಆಗುತ್ತದೆ. ಬಾಣಲೆಯ ಎಣ್ಣೆ ಹೊಗೆಯಾಡಿದಾಗ ಕಣ್ಣು, ಮೂಗು ಉರಿಯುವುದು ಇದರಿಂದಲೇ. ಆ ವಾಸನೆ ನಮ್ಮ ಹಾಲ್‌ನಲ್ಲಿ ಬಂದದ್ದೇ ತಡ ಹೇಜರ್ ನಿಲ್ಲಿಸಿದೆ.

ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಗ್ಲಿಸರಿನ್, ಗ್ಲೈಕಾಲ್ ಎಲ್ಲವೂ ಒಂದೇ ಅಲ್ಲ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ತೀರಿಕೊಂಡದ್ದು ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್‌ನಿಂದ. ಅದು ಹೊಟ್ಟೆಗೆ ಹೋದ ಔಷಧಿ, ಇದು ಉಸಿರಾಡುವ ಹನಿ, ಎರಡೂ ಸಮ ಅಂತ ನಾನು ಹೇಳುತ್ತಿಲ್ಲ. ಆದರೆ ನೂರಾರು ಜನ ಎರಡು ಗಂಟೆ ಉಸಿರಾಡುವ ವಸ್ತುವಿನ ಕ್ಯಾನ್ ಮೇಲೆ ಏನಿದೆ ಅಂತ ಬರೆದಿರಬೇಕು. ಅದರಲ್ಲಿ ಏನಿದೆ, ಅಪಾಯವೇನು ಅಂತ ಹೇಳುವ ಸೇಫ್ಟಿ ಡೇಟಾ ಶೀಟ್ ಕೇಳಿದರೆ ಕೊಡಬೇಕು. ಕೊಡದವರ ಹತ್ತಿರ ನಾನು ಕೊಳ್ಳುವುದಿಲ್ಲ.

ಎಣ್ಣೆ ಹೇಜರ್ ನಿಜಕ್ಕೂ ಸುಂದರ. ಕೆನಡಾದ ಎಂಡಿಜಿಯವರ ಮಷಿನ್‌ಗಳು ಇದರಲ್ಲಿ ಹೆಸರುವಾಸಿ. ಕಾರ್ಬನ್ ಡೈಆಕ್ಸೈಡ್ ಅಥವಾ ನೈಟ್ರೋಜನ್ ಸಿಲಿಂಡರ್ ಜೋಡಿಸಿ, ಮಿನರಲ್ ಆಯಿಲ್ಲನ್ನು ಒಂದು ಮೈಕ್ರಾನ್‌ಗಿಂತ ಚಿಕ್ಕ ಹನಿ ಮಾಡುತ್ತವೆ. ನೀರಿನಂಶ ಇಲ್ಲದ್ದರಿಂದ ಆರುವುದಿಲ್ಲ. ಸ್ವಲ್ಪವೇ ಬಿಟ್ಟರೂ ತುಂಬಾ ಹೊತ್ತು ನಿಲ್ಲುತ್ತದೆ. ಲಿಕ್ವಿಡ್ ಖರ್ಚು ಅಂತೂ ನಾಲ್ಕರಲ್ಲಿ ಅತಿ ಕಡಿಮೆ. ಸಿನಿಮಾದವರು ಯಾಕೆ ಇಷ್ಟಪಡುತ್ತಾರೆ ಅಂತ ಬೀಮ್ ನೋಡಿದರೇ ಅರ್ಥವಾಗುತ್ತದೆ.

ನನಗೆ ಆಗದಿದ್ದದ್ದು ಬೇರೆ ಕಾರಣಕ್ಕೆ. ಸಿಲಿಂಡರ್ ಹೊತ್ತು ತಿರುಗುವಷ್ಟು ನಮ್ಮ ಟೆಂಪೋದಲ್ಲಿ ಜಾಗವಿಲ್ಲ. ಎಣ್ಣೆ ಕೊನೆಗೆ ಎಲ್ಲೋ ಒಂದು ಕಡೆ ಕೂರಲೇಬೇಕು. ತಿರುಗುವ ಲೈಟ್‌ಗಳಾದ ಮೂವಿಂಗ್ ಹೆಡ್‌ಗಳ ಫ್ಯಾನ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಲೆನ್ಸ್ ಮೇಲಿನ ಪದರ ಒಣ ಬಟ್ಟೆಗೆ ಹೋಗುವುದಿಲ್ಲ, ಸವರಿಕೊಳ್ಳುತ್ತದೆ. ಪ್ರತಿ ಶೋ ಆದಮೇಲೆ ಲೈಟ್ ಕ್ಲೀನ್ ಮಾಡುವ ಅಭ್ಯಾಸ, ಆಳು ಇರುವವರಿಗೆ ಇದು ಸರಿ. ನಾವು ರಾತ್ರಿ ಲೋಡ್ ಮಾಡಿ ಬೆಳಿಗ್ಗೆ ಇನ್ನೊಂದು ಹಾಲ್‌ಗೆ ಹೋಗುವವರು. ಎಣ್ಣೆಯನ್ನು ವಾಟರ್ ಬೇಸ್ಡ್ ಮಷಿನ್‌ಗೆ ಹಾಕಲೇಬಾರದು, ಇದನ್ನು ಮಾತ್ರ ಯಾರೂ ಮರೆಯಬೇಡಿ.

ಈಗ ನನ್ನ ಮೆಚ್ಚಿನದ್ದು. ಯೂನಿಕ್‌ನಲ್ಲಿ ಪಂಪ್ ಬೇರೆ, ಫ್ಯಾನ್ ಬೇರೆ ಸೆಟ್ ಮಾಡಬಹುದು. ಅದರದ್ದೇ ಲಿಕ್ವಿಡ್ ಹಾಕಿದಾಗ ಪಂಪ್ ತೀರಾ ಕೆಳಗಿಟ್ಟು, ಫ್ಯಾನ್ ಮಧ್ಯಮದಲ್ಲಿಟ್ಟರೆ ಸಾಕು. ಪ್ರೇಕ್ಷಕರನ್ನು ಒಳಗೆ ಬಿಡುವ ಮುಂಚೆಯೇ ಶುರು ಮಾಡುತ್ತೇನೆ. ಆಮೇಲೆ ಇಡೀ ಶೋ ಮುಟ್ಟುವುದೇ ಇಲ್ಲ. ಹೇಜ್ ಇದೆ ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ, ಲೈಟ್ ಹತ್ತಿದಾಗ ಬೀಮ್ ಮಾತ್ರ ಕಾಣುತ್ತದೆ. ಮಷಿನ್ ಮುಂದೆ ಬಿಳಿ ಟಿಶ್ಯೂ ಹಾಸಿಟ್ಟು ಶೋ ಮಾಡಿಸಿದೆ. ತೆಗೆದು ಲೈಟ್ ಎದುರು ಹಿಡಿದರೆ ಒಂದು ಚುಕ್ಕೆಯೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಕಡಿಮೆ ಹೇಜ್‌ನಲ್ಲಿ ಹೇಗೆ ಸಾಲುತ್ತದೆ ಅಂತ ಕೇಳುವವರಿದ್ದಾರೆ. ಇಷ್ಟು ಸಣ್ಣ ಹನಿಗಳು ಬೆಳಕನ್ನು ಹಿಂದಕ್ಕೆ ಚದುರಿಸುವುದು ಕಡಿಮೆ, ಮುಂದಕ್ಕೆ ಚದುರಿಸುವುದೇ ಜಾಸ್ತಿ. ಅಂದರೆ ವೇದಿಕೆಯ ಹಿಂದಿನಿಂದ ಪ್ರೇಕ್ಷಕರ ಕಡೆ ಬರುವ ಬ್ಯಾಕ್‌ಲೈಟ್‌ನ ಬೀಮ್ ಎದ್ದು ಕಾಣುತ್ತದೆ, ಮುಂದಿನಿಂದ ಹಾಕಿದ್ದು ಮಂಕಾಗಿರುತ್ತದೆ. ಬೀಮ್ ಬೇಕಾದ ಕಡೆ ಬ್ಯಾಕ್‌ಲೈಟ್ ಏರಿಸಿ, ಫ್ರಂಟ್ ಇಳಿಸಿ. ಪಂಪ್ ಏರಿಸುವ ಅಗತ್ಯ ಬರುವುದಿಲ್ಲ, ಡ್ಯಾನ್ಸರ್ ಮುಖದ ಮುಂದೆ ಹಾಲಿನಂಥ ಪರದೆಯೂ ಕಟ್ಟುವುದಿಲ್ಲ.

ಹಾಡುವವರ ಗಂಟಲಿನ ವಿಷಯ ನನಗೆ ತುಂಬಾ ಮುಖ್ಯ. ಗ್ಲೈಕಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹೇಜ್, ಹೊಗೆ ಬಳಸುವ 19 ಕಡೆ ಕೆಲಸ ಮಾಡುವ 101 ಜನರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಮ್ಮು, ಗಂಟಲು ಒಣಗುವುದು ಗ್ಲೈಕಾಲ್ ಜೊತೆ ಕಂಡುಬಂತು. ಮಷಿನ್‌ಗೆ ಹತ್ತಿರ ಕೆಲಸ ಮಾಡುವವರ ಶ್ವಾಸಕೋಶದ ಶಕ್ತಿಯೂ ಕಡಿಮೆ ಇತ್ತು. ಎಣ್ಣೆಯೂ ಅಲ್ಲಿ ಪೂರ್ತಿ ಪಾಸಾಗಲಿಲ್ಲ, ಉಬ್ಬಸ ಮತ್ತು ಎದೆ ಬಿಗಿತಕ್ಕೆ ಎರಡೂ ಬಗೆಯ ಹೇಜ್ ಜೊತೆ ನಂಟು ಕಂಡಿತ್ತು. 2000ರಲ್ಲಿ ಅಮೆರಿಕದ ರಂಗ ಕಲಾವಿದರ ಸಂಘ ಮತ್ತು ನಿರ್ಮಾಪಕರ ಸಂಘ ಸೇರಿ ಬ್ರಾಡ್‌ವೇಗಾಗಿ ಮಾಡಿಸಿದ ಅಧ್ಯಯನ ಮಿತಿಯನ್ನೂ ಹೇಳಿತು: ಯಾವ ಕ್ಷಣದಲ್ಲೂ ಒಂದು ಘನ ಮೀಟರ್ ಗಾಳಿಯಲ್ಲಿ ಗ್ಲೈಕಾಲ್ 40 ಮಿಲಿಗ್ರಾಂ ದಾಟಬಾರದು, ಮಿನರಲ್ ಆಯಿಲ್ 25 ದಾಟಬಾರದು. ನಮ್ಮ ಹಾಲ್‌ಗಳಲ್ಲಿ ಅಳೆಯುವ ಉಪಕರಣ ಎಲ್ಲಿರುತ್ತದೆ? ಅದಕ್ಕೇ ಕಡಿಮೆ ಬಿಡುವುದು ಒಂದೇ ದಾರಿ. ನಟುವಾಂಗ (ತಾಳ ಹಿಡಿದು ನೃತ್ಯ ನಡೆಸುವುದು), ಗಾಯನದವರು ಕೂರುವ ಬದಿಯ ಎದುರು ವಿಂಗ್‌ನಲ್ಲಿ, ಆದಷ್ಟು ಹಿಂದೆ ಮಷಿನ್ ಇಡುತ್ತೇನೆ. ಗಾಯಕಿಯ ಹತ್ತಿರ ಹೋಗಿ 'ಅಮ್ಮಾ, ಗಂಟಲಿಗೆ ಏನಾದರೂ ಅನ್ನಿಸ್ತಿದೆಯಾ?' ಅಂತ ರಿಹರ್ಸಲ್‌ನಲ್ಲೇ ಕೇಳುತ್ತೇನೆ. ಹೌದು ಅಂದರೆ ಆ ಶೋಗೆ ಹೇಜ್ ಇಲ್ಲ. ಭರತನಾಟ್ಯದ ದೊಡ್ಡ ನೃತ್ಯ ವರ್ಣವೊಂದೇ ಅರ್ಧ ಗಂಟೆ ದಾಟುತ್ತದೆ, ಅಷ್ಟು ಹೊತ್ತು ಹಾಡುವವರಿಗಿಂತ ಬೀಮ್ ದೊಡ್ಡದಲ್ಲ.

ವಾಸನೆ: ಕಂಪನಿ ಲಿಕ್ವಿಡ್‌ಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸದ್ದು: ಫ್ಯಾನ್ ಜೋರು ಮಾಡಿದರೆ ಕೇಳಿಸುತ್ತದೆ. ಸ್ಮೋಕ್ ಡಿಟೆಕ್ಟರ್: ಯಾವ ಲಿಕ್ವಿಡ್ ಆದರೂ ಕೂಗಿಸಬಹುದು, ಹಾಲ್‌ನವರಿಗೆ ಮುಂಚೆಯೇ ಹೇಳಿ.

ಖರ್ಚಿನ ಲೆಕ್ಕ. ನಾನು ಕೊಂಡಾಗ ಕಂಪನಿ ಕ್ಯಾನ್ ಲೋಕಲ್ ಕ್ಯಾನಿನ ನಾಲ್ಕೈದು ಪಟ್ಟು ಬಿತ್ತು. ಆದರೆ ಪಂಪ್ ಅಷ್ಟು ಕೆಳಗೆ ಓಡುವುದರಿಂದ ಒಂದು ಕ್ಯಾನ್ ಸೀಸನ್ ಉದ್ದಕ್ಕೂ ಎಳೆಯುತ್ತದೆ. ತಿಂಗಳಿಗೆ ಮೂರೋ ನಾಲ್ಕೋ ಶೋ ಮಾಡುವ ನನ್ನಂಥವರಿಗೆ ಇದು ಕೈಗೆಟಕುವ ಖರ್ಚು. ಬಿಲ್‌ನಲ್ಲಿ 'ಹೇಜ್ ಲಿಕ್ವಿಡ್' ಅಂತ ಬೇರೆ ಸಾಲು ಹಾಕುತ್ತೇನೆ, ಗುರುಗಳಿಗೆ ಮ್ಯಾಟ್ ವಿಷಯ ವಿವರಿಸಿದರೆ ಯಾರೂ ಬೇಡ ಅಂದಿಲ್ಲ. ನಿಮ್ಮ ಹತ್ತಿರ ಬೇರೆ ಮಷಿನ್ ಇದ್ದರೆ ಅದರ ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಲಿಕ್ವಿಡ್ಡನ್ನೇ ತನ್ನಿ. ಯೂನಿಕ್ ಫ್ಲೂಯಿಡ್ ಚೆನ್ನಾಗಿದೆ ಅಂತ ಅದನ್ನು ಇನ್ನೊಂದು ಮಷಿನ್‌ಗೆ ಹಾಕಿದರೂ ಅದೇ ಉಗುಳುವ ಕಾಟ ಬರಬಹುದು. ಬದಲಾಯಿಸುವಾಗ ಹಳೆಯದನ್ನು ಪೂರ್ತಿ ಖಾಲಿ ಮಾಡಿ. ಎರಡನ್ನು ಬೆರೆಸಬೇಡಿ.

ಅಗ್ಗದ ಲಿಕ್ವಿಡ್‌ಗೆ ಜಾಗವೇ ಇಲ್ಲ ಅಂತಲ್ಲ. ಮೈಸೂರು ಅರಮನೆ ಮುಂದಿನ ದಸರಾ ವೇದಿಕೆಯಂಥ ಬಯಲಿನಲ್ಲಿ ಹೇಜ್ ನಿಲ್ಲುವುದು ಗಾಳಿಯ ಮರ್ಜಿ. ದುಬಾರಿ ಲಿಕ್ವಿಡ್ ಅಲ್ಲಿ ಸುಮ್ನೆ ಗಾಳಿಗೆ ಹೋಗುತ್ತದೆ. ಬಯಲಿನ ಶೋಗಳಿಗೆ ದಟ್ಟ ಹೊಗೆ ಬಿಡುವ ಒಂದು ಫಾಗ್ ಮಷಿನ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಲೇಬಲ್ ಇರುವ, ಅಗ್ಗದ ಫಾಗ್ ಲಿಕ್ವಿಡ್ ಹಾಕಿ, ಗಾಳಿ ಬರುವ ದಿಕ್ಕಿನಲ್ಲಿ, ಕುಣಿಯುವ ಜಾಗದಿಂದ ದೂರ ಇಡಿಸುತ್ತೇನೆ. ಹೇಜರನ್ನು ಅವತ್ತು ಟೆಂಪೋ ಹತ್ತಿಸುವುದೇ ಇಲ್ಲ.