ಮಿರ್ಚಿ ಭಜಿ ತಿಂದ ಮೇಲಿನ ನೀರಡಿಕೆಗೆ ಯಾವುದು ಸರಿ? ಫ್ರಿಜ್ ನೀರು, ಮಡಿಕೆ ನೀರು, ಸೋಡಾ, ಮಜ್ಜಿಗೆ, ಕಬ್ಬಿನ ಹಾಲು

ಏಪ್ರಿಲ್, ಮೇ ಬಂತಂದ್ರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅಂಥ ಬಿಸಿಲು ನಮ್ಮದು. ಆದರೂ ಸಂಜೆಯಾದರೆ ಸೂಪರ್ ಮಾರ್ಕೆಟ್ ಸುತ್ತಮುತ್ತ ಭಜಿ ಬಂಡಿಗಳ ಮುಂದೆ ಜನ ತುಂಬಿರುತ್ತಾರೆ. ಮಿರ್ಚಿ ಭಜಿ, ಸುಸಲಾ (ಮಂಡಕ್ಕಿ ಒಗ್ಗರಣೆ), ಜೊತೆಗೆ ಉಪ್ಪು ಉದುರಿಸಿ ಕರಿದ ಮೆಣಸಿನಕಾಯಿ. ತಿಂದು ಕೈ ತೊಳೆಯುವಷ್ಟರಲ್ಲಿ ನೀರಡಿಕೆ ಶುರು. ಆಗ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರಿಗೆ ಲಿಂಬು ಸೋಡಾನೇ ಬೇಕು, ಇನ್ನೊಬ್ಬರಿಗೆ ಉಪ್ಪು ಹಾಕಿದ ಮಜ್ಜಿಗೆ, ಮಕ್ಕಳಿಗೆ ಕಬ್ಬಿನ ಹಾಲು, ಹಿರಿಯರಿಗೆ ಮಡಿಕೆ ನೀರು. ಈ ಬೇಸಿಗೆಯಲ್ಲಿ ಇವನ್ನೆಲ್ಲ ಒಂದೊಂದಾಗಿ ಕುಡಿದು ಹೋಲಿಸಿ ನೋಡಿದೆ.

ಬಂಡಿಯ ಭಜಿಯಲ್ಲಿ ಉಪ್ಪು ಎಷ್ಟಿದೆ ಅಂತ ತಿಳಿಯುವ ದಾರಿ ಇಲ್ಲ. ಹಾಗಾಗಿ ಮನೆಯಲ್ಲೇ ಭಜಿ ಮಾಡಿ, ಅಡುಗೆಮನೆಯ ತಕ್ಕಡಿಯಲ್ಲಿ ಉಪ್ಪು ತೂಗಿ ಹಾಕಿದೆ. ಭಜಿ, ಸುಸಲಾ, ಶೇಂಗಾ ಹಿಂಡಿ (ಚಟ್ನಿಪುಡಿ) ಎಲ್ಲ ಸೇರಿ ನನ್ನ ತಟ್ಟೆಗೆ ಸುಮಾರು 4 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದ್ರೆ ದಿನದ ಉಪ್ಪು ಸಂಜೆಯ ತಿಂಡಿಯಲ್ಲೇ ಹೆಚ್ಚುಕಡಿಮೆ ಮುಗಿದುಹೋಯಿತು. ಪ್ರತಿ ಸಲವೂ ಅದೇ ತಟ್ಟೆ, ಕುಡಿಯುವುದು ಮಾತ್ರ ಬೇರೆ. ಮನಸ್ಸಿಗೆ ಸಾಕು ಅನ್ನಿಸುವಷ್ಟು ಕುಡಿದೆ, ಆದರೆ ಅಳತೆಯ ಲೋಟದಲ್ಲಿ. ಕುಡಿದ ತಕ್ಷಣ ಗಂಟಲು ಹೇಗಿದೆ ಅಂತ ನೋಡಿದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ಚೊಂಬು ಹುಡುಕಬೇಕಾಯಿತಾ ಅಂತಲೂ ನೋಡಿದೆ. ಈ ಎರಡಕ್ಕೂ ಉತ್ತರ ಒಂದೇ ಬರುವುದಿಲ್ಲ.

ಉಪ್ಪು ತಿಂದರೆ ನೀರಡಿಕೆ ಯಾಕೆ ಆಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನದು ಸುಲಭ. ನಮ್ಮ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಮಧ್ಯೆ ಇರಬೇಕು. ತಿಂದ ಉಪ್ಪು ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಜೀವಕೋಶಗಳ ಸುತ್ತಲಿನ ದ್ರವಕ್ಕೆ. ಕೋಶಗಳು ತಮ್ಮ ಒಳಗೆ ಸೋಡಿಯಂ ನಿಲ್ಲಲು ಬಿಡುವುದಿಲ್ಲ, ಹೊರಗೇ ತಳ್ಳುತ್ತಿರುತ್ತವೆ. ಹೊರಗೆ ಉಪ್ಪು ಜಾಸ್ತಿಯಾದಾಗ ಕೋಶದೊಳಗಿನ ನೀರೇ ಹೊರಗೆ ಬರುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿಟ್ಟರೆ ನೀರು ಬಿಡುತ್ತದಲ್ಲ, ಹಾಗೆ. ಮೆದುಳಿನಲ್ಲಿ ಹೈಪೊಥಾಲಮಸ್ ಬಳಿ ಇದನ್ನೇ ಕಾಯುವ ಕೋಶಗಳಿವೆ. ಅವು ಸ್ವಲ್ಪ ಕುಗ್ಗಿದರೂ ಸಾಕು, ನೀರು ಕುಡಿ ಅನ್ನುವ ಸುದ್ದಿ ಹೊರಡುತ್ತದೆ. ರಕ್ತ ಶೇಕಡಾ 1ರಿಂದ 2ರಷ್ಟು ಗಾಢವಾದರೆ ಅಷ್ಟೇ ಸಾಕು. ಜೊತೆಗೆ ವಾಸೊಪ್ರೆಸಿನ್ ಅನ್ನುವ ಹಾರ್ಮೋನು ಹೊರಬಂದು, ಇದ್ದ ನೀರನ್ನು ಬಿಡಬೇಡ ಅಂತ ಮೂತ್ರಪಿಂಡಕ್ಕೆ ಹೇಳುತ್ತದೆ. ಉಪ್ಪು ಜಾಸ್ತಿ ತಿಂದ ದಿನ ಮೂತ್ರ ಕಡಿಮೆಯಾಗಿ ಹಳದಿಯಾಗುವುದು ಇದಕ್ಕೇ.

ಲೆಕ್ಕವೂ ಕಷ್ಟದ್ದಲ್ಲ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ರಕ್ತಕ್ಕೆ ಸರಿಹೊಂದುವಂತೆ ಮಾಡಿದ್ದು. ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ. ಅಂದ್ರೆ ಒಂದು ಗ್ರಾಂ ಉಪ್ಪಿಗೆ ಸುಮಾರು 110 ಮಿಲಿ ನೀರು. ನನ್ನ ತಟ್ಟೆಯ 4 ಗ್ರಾಂಗೆ 440 ಮಿಲಿ.

ಖಾರದ ಉರಿಯನ್ನು ನೀರಡಿಕೆ ಅಂತ ತಿಳಿಯುವವರು ಬಹಳ ಜನ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿ ಗುರುತಿಸುವ ನರಗಳನ್ನು ಕೆಣಕುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಅದಕ್ಕೇ ಖಾರ ನೆತ್ತಿಗೇರಿದಾಗ ಎಷ್ಟು ನೀರು ಕುಡಿದರೂ ಉರಿ ಹೋಗುವುದಿಲ್ಲ, ಹೊಟ್ಟೆ ಮಾತ್ರ ಉಬ್ಬುತ್ತದೆ. ಅದಕ್ಕೆ ಹಾಲು, ಮೊಸರು ಬೇಕು. ಅದರಲ್ಲಿರುವ ಕೇಸಿನ್ ಪ್ರೋಟೀನು ಖಾರವನ್ನು ಹಿಡಿದುಕೊಂಡು ಹೋಗುತ್ತದೆ. ಉಪ್ಪಿನ ನೀರಡಿಕೆ ನಿಧಾನಕ್ಕೆ ಬರುತ್ತದೆ, ತಿಂದು ಅರ್ಧ ಗಂಟೆ ಆದ ಮೇಲೆ ಜೋರಾಗುತ್ತದೆ.

ಮೊದಲು ಫ್ರಿಜ್ ನೀರು. ಮೊದಲ ನಿಮಿಷದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಎರಡು ಗುಟುಕಿಗೆ ಜೀವ ಬಂದ ಹಾಗಾಗುತ್ತದೆ. ಕುಡಿದ ನೀರು ರಕ್ತಕ್ಕೆ ಸೇರಿ ಸೋಡಿಯಂ ಇಳಿಯಲು ಎಷ್ಟೋ ಹೊತ್ತು ಬೇಕು, ಆದರೆ ನೀರಡಿಕೆ ಒಂದೆರಡು ನಿಮಿಷಕ್ಕೇ ತಣಿಯುತ್ತದೆ. ಬಾಯಿ, ಗಂಟಲು ಕೊಡುವ ಸುದ್ದಿ ನಂಬಿ ಮೆದುಳು ಮುಂಚೆಯೇ ಸಾಕು ಅನ್ನುತ್ತದೆ. ತಂಪು ಜಾಸ್ತಿಯಾದಷ್ಟೂ ಆ ‘ಸಾಕು’ ಬೇಗ ಬರುತ್ತದೆ. ಫ್ರಿಜ್ ನೀರು ಕುಡಿದಾಗಲೆಲ್ಲ ನಾನು ಒಂದು ಲೋಟಕ್ಕೇ ನಿಲ್ಲಿಸಿದ್ದೆ. ಬೇಕಾದದ್ದರ ಅರ್ಧ ಮಾತ್ರ. ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಗಂಟಲು ಒಣಗುತ್ತಿತ್ತು.

ಮಡಿಕೆ ನೀರಿನದು ಬೇರೆ ಕಥೆ. ನಮ್ಮ ಮನೆಯ ಮಡಿಕೆ ಪಡಸಾಲೆಯ ಮೂಲೆಯಲ್ಲಿ, ಒದ್ದೆ ಮರಳಿನ ಮೇಲೆ ಕೂತಿದೆ. ಕೈಯಿಟ್ಟರೆ ಹೊರಮೈ ಸಣ್ಣಗೆ ಬೆವರಿದ ಹಾಗೆ ತೇವ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಗಾಳಿಗೆ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. ಅದಕ್ಕೇ ಮಂಗಳೂರಿನ ಜಿಗುಟು ಹವೆಯಲ್ಲಿ ಸುಮ್ನೆ ಕೂರುವ ಮಡಿಕೆ ನಮ್ಮ ಬಿರುಬಿಸಿಲಿನಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ. ಈ ಹದದ ತಂಪಿನಲ್ಲಿ ಹಲ್ಲು ಜುಮ್ಮೆನ್ನುವುದಿಲ್ಲ, ಗಂಟಲು ಹಿಡಿಯುವುದಿಲ್ಲ. ಒಂದು ಚೊಂಬು, ಅಂದ್ರೆ ಅರ್ಧ ಲೀಟರಿನ ಹತ್ತಿರ, ಸಲೀಸಾಗಿ ಇಳಿಯುತ್ತಿತ್ತು. ಲೆಕ್ಕದ 440 ಮಿಲಿ ತಾನಾಗಿಯೇ ಮುಟ್ಟಿತು. ರಾತ್ರಿ ಎದ್ದು ನೀರು ಹುಡುಕಲಿಲ್ಲ. ತಕ್ಷಣದ ಸುಖದಲ್ಲಿ ಫ್ರಿಜ್ ನೀರಿಗೆ ಒಂದು ಕೈ ಕಡಿಮೆ ನಿಜ, ಆದರೂ ನನಗೆ ಇದೇ ಮೇಲು.

ಈಗ ಲಿಂಬು ಸೋಡಾ. ಇದನ್ನು ಇಷ್ಟಪಡುವವರಿಗೆ ಬೇಜಾರಾಗಬಹುದು, ಆದರೆ ಹೇಳಲೇಬೇಕು. ಸೋಡಾ ಅಂಗಡಿಯವರ ಕೈ ಗಮನಿಸಿ ನೋಡಿ. ಲಿಂಬೆ ಕತ್ತರಿಸಿ ಹಿಂಡುತ್ತಾರೆ. ಉದ್ದ ಚಮಚದಲ್ಲಿ ಉಪ್ಪು, ಮೇಲೊಂದು ಚಿಟಿಕೆ ಕರಿ ಉಪ್ಪು. ಸೋಡಾ ಸುರಿದ ತಕ್ಷಣ ನೊರೆ ಉಕ್ಕಿ ಬರುತ್ತದೆ, ಚಮಚ ಆಡಿಸಿ ಕೈಗೆ ಕೊಡುತ್ತಾರೆ. ಕುಡಿಯುವಾಗ ಸ್ವರ್ಗ. ತಂಪು ಮತ್ತು ಗುಳ್ಳೆ ಎರಡೂ ಸೇರಿದರೆ ನೀರಡಿಕೆ ಹೋಯಿತು ಅಂತ ಬಾಯಿಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅದೇ ಅಂದಾಜಿನಲ್ಲಿ ಮನೆಯಲ್ಲಿ ಉಪ್ಪು ತೂಗಿದರೆ 200 ಮಿಲಿ ಲೋಟಕ್ಕೆ ಒಂದೂವರೆ ಗ್ರಾಂ ಬಂತು. ಕರಿ ಉಪ್ಪೂ ಬಹುಪಾಲು ಸೋಡಿಯಂ ಕ್ಲೋರೈಡೇ. ಒಂದೂವರೆ ಗ್ರಾಂ ಉಪ್ಪು ತನಗೇ 165 ಮಿಲಿ ನೀರು ಕೇಳುತ್ತದೆ. ಭಜಿಯ ಉಪ್ಪಿಗೆ ಉಳಿದದ್ದು 35 ಮಿಲಿ! ಮುಕ್ಕಾಲು ಗಂಟೆಗೆ ನೀರಡಿಕೆ ವಾಪಸ್. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಅಷ್ಟು ರಸಭರಿತ, ಅದಕ್ಕೆ ಉಪ್ಪಿನ ಆಸರೆ ಬೇಕಿಲ್ಲ. ಉಪ್ಪಿಲ್ಲದೆ ಕೊಡಿ ಅಂದ್ರೆ ಯಾರೂ ಬೇಡ ಅನ್ನುವುದಿಲ್ಲ. ಹಾಗೆ ಕುಡಿದಾಗ ಸೋಡಾ ಚೆನ್ನಾಗಿಯೇ ಕೆಲಸ ಮಾಡಿತು.

ಮಜ್ಜಿಗೆಯಲ್ಲಿ ನಾನು ಎರಡು ಬಗೆ ನೋಡಿದೆ. ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿದ್ದು ಒಂದು. ಏನೂ ಹಾಕದ ನೀರು ಮಜ್ಜಿಗೆ ಇನ್ನೊಂದು. ಉಪ್ಪಿನದಕ್ಕೆ ಸೋಡಾದ ಗತಿಯೇ ಆಯಿತು, ಲೋಟ ದೊಡ್ಡದು ಉಪ್ಪು ಕಡಿಮೆ ಅನ್ನುವ ಕಾರಣಕ್ಕೆ ಸ್ವಲ್ಪ ವಾಸಿ. ಸಪ್ಪೆ ಮಜ್ಜಿಗೆ ಮಾತ್ರ ಅಚ್ಚರಿ ತಂದಿತು. ಖಾರದ ಉರಿಯನ್ನೂ ಇಳಿಸಿತು, ಹೊತ್ತು ಕಳೆದರೂ ಬಾಯಿ ಒಣಗಲಿಲ್ಲ. ಮಜ್ಜಿಗೆಯಲ್ಲಿ ಪೊಟ್ಯಾಸಿಯಂ ಇದೆ, ಅದು ಸೋಡಿಯಂ ಹೊರಹೋಗಲು ಮೂತ್ರಪಿಂಡಕ್ಕೆ ನೆರವಾಗುತ್ತದೆ. 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ಪಾನೀಯ ಹೋಲಿಸಿದಾಗ, ಬರೀ ನೀರಿಗಿಂತ ಹಾಲು ದೇಹದಲ್ಲಿ ಜಾಸ್ತಿ ಹೊತ್ತು ಉಳಿಯಿತು. ಅವರು ನೋಡಿದ್ದು ಹಾಲನ್ನು, ಮಜ್ಜಿಗೆಯನ್ನಲ್ಲ. ಆದರೂ ನನ್ನ ಅನುಭವ ಅದೇ ದಿಕ್ಕಿನಲ್ಲಿದೆ.

ಹಾಗಂತ ಉಪ್ಪಿನ ಮಜ್ಜಿಗೆಯನ್ನು ಯಾರೂ ತಳ್ಳಿಹಾಕಬಾರದು. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎಳೆದು ಬೆವತವರಿಗೆ, ಬಿಸಿಲಲ್ಲಿ ಮಣ್ಣು ಹೊತ್ತವರಿಗೆ ಅದೇ ಸರಿ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ಬರೀ ನೀರು ಕುಡಿದರೆ ರಕ್ತ ತೆಳುವಾಗಿ, ಕೊರತೆ ತುಂಬುವ ಮೊದಲೇ ನೀರಡಿಕೆ ನಿಂತುಬಿಡುತ್ತದೆ. ಅಲ್ಲಿ ಉಪ್ಪು ಬೇಕು. ಭಜಿ ತಿಂದು ಕೂತವರಿಗೆ ಉಪ್ಪು ಆಗಲೇ ಜಾಸ್ತಿಯಾಗಿದೆ, ಬೇಕಿರುವುದು ನೀರು ಮಾತ್ರ. ಎರಡಕ್ಕೂ ನೀರಡಿಕೆ ಅಂತಲೇ ಅನ್ನುತ್ತೇವೆ, ಅದಕ್ಕೇ ಎರಡಕ್ಕೂ ಒಂದೇ ಲೋಟ ಕೊಡುತ್ತೇವೆ. ಓಆರ್‌ಎಸ್ ಪುಡಿಗೂ ಇದೇ ಮಾತು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುವ ಆ ಮಿಶ್ರಣ ವಾಂತಿ ಭೇದಿಗೆ ಮಾಡಿದ್ದು, ಉಪ್ಪು ತಿಂದಿದ್ದಕ್ಕಲ್ಲ.

ಕಬ್ಬಿನ ಹಾಲು ರುಚಿಗೆ ಸರಿ, ನೀರಡಿಕೆಗೆ ಅಲ್ಲ. ಸಕ್ಕರೆ ಅಷ್ಟು ಗಾಢವಾಗಿದ್ದರೆ ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತದೆ, ಬಾಯಿ ಅಂಟಂಟು. ಕುಡಿದ ಮೇಲೆ ನೀರು ಕುಡಿಯಲೇಬೇಕಾಯಿತು. ಕಲ್ಲಂಗಡಿ ಹಣ್ಣು ಚೆನ್ನಾಗಿತ್ತು, ಅದರಲ್ಲಿ ಶೇಕಡಾ 90ಕ್ಕೂ ಜಾಸ್ತಿ ನೀರೇ. ಮೇಲೆ ಉಪ್ಪು ಖಾರ ಉದುರಿಸಬೇಡಿ, ಅಷ್ಟೇ.

ನೀರು ಕುಡಿದರೆ ಉಪ್ಪಿನ ಪರಿಣಾಮ ಹೋಗಿಬಿಡುತ್ತದೆ ಅಂತ ಮಾತ್ರ ತಿಳಿಯಬೇಡಿ. ನೀರು ಅದನ್ನು ತೆಳು ಮಾಡುತ್ತದೆ, ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಅಲ್ಲಿಯವರೆಗೆ ಆ ನೀರೂ ದೇಹದಲ್ಲೇ ಇರುತ್ತದೆ. ಬಿಪಿ ಇದ್ದವರಿಗೆ ಇದು ಭಾರ. ಮಂಗಳ ಗ್ರಹದ ಪಯಣದ ತಾಲೀಮಿಗೆ ರಷ್ಯಾದಲ್ಲಿ ತಿಂಗಳುಗಟ್ಟಲೆ ಒಳಗಿದ್ದವರಿಗೆ ದಿನಕ್ಕೆ 12, 9, 6 ಗ್ರಾಂ ಹೀಗೆ ಉಪ್ಪು ಬದಲಿಸಿ ಕೊಟ್ಟಿದ್ದರು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ, ವಾರಗಟ್ಟಲೆ ಜಾಸ್ತಿ ಉಪ್ಪು ತಿಂದಾಗ ಅವರು ನೀರು ಕುಡಿದದ್ದು ಕಡಿಮೆ, ಹಸಿವು ಆದದ್ದು ಜಾಸ್ತಿ. ದೇಹ ನೀರನ್ನು ಹಿಡಿದಿಟ್ಟುಕೊಂಡಿತ್ತು. ಹಾಗಾಗಿ ನೀರಡಿಕೆ ಇಲ್ಲ ಅಂದ ಮಾತ್ರಕ್ಕೆ ದಿನಾ ತಿನ್ನುವ ಉಪ್ಪು ಹಿತಮಿತ ಅಂತ ಅರ್ಥವಲ್ಲ.

ನಮ್ಮ ಮನೆಯಲ್ಲಿ ಈಗ ಭಜಿ ಮಾಡಿದ ದಿನ ತಟ್ಟೆಯ ಪಕ್ಕ ಸಪ್ಪೆ ಮಜ್ಜಿಗೆ, ಅರ್ಧ ಗಂಟೆ ಬಿಟ್ಟು ಒಂದು ಚೊಂಬು ಮಡಿಕೆ ನೀರು. ವಯಸ್ಸಾದವರಿಗೆ ನೀರಡಿಕೆ ಮಂದವಾಗಿ ಗೊತ್ತಾಗುತ್ತದೆ, ಅವರು ಕೇಳುವವರೆಗೆ ಕಾಯದೆ ಕೈಗೇ ಕೊಡಿ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ನೀರು, ಮಜ್ಜಿಗೆ ಎರಡರ ಅಳತೆಯನ್ನೂ ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಬೇಕು.