ಚಿತ್ತಾರದ ಬುಟ್ಟಿ ಮಾರಲು ವಾಟ್ಸ್‌ಆ್ಯಪ್ ಬಿಸಿನೆಸ್ ಮತ್ತು ಇನ್‌ಸ್ಟಾಗ್ರಾಂ: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಶಿರಸಿ ತಾಲೂಕಿನ ಬನವಾಸಿ ಕಡೆಯ ನಮ್ಮ ಊರಿನಲ್ಲಿ ಕೆಲವು ಮನೆಗಳ ಹೆಂಗಸರು ಸೇರಿ ಚಿತ್ತಾರದ ಬುಟ್ಟಿ, ಗೋಡೆಗೆ ತೂಗುಹಾಕುವ ಚಿತ್ತಾರದ ಹಲಗೆ ಮತ್ತು ಭತ್ತದ ತೆನೆಯ ತೋರಣಗಳನ್ನು ಮಾಡಿ ಮಾರುತ್ತೇವೆ. ನಮಗೆ ಅಂಗಡಿಯಿಲ್ಲ. ಜಾತ್ರೆ, ಉತ್ಸವಗಳಲ್ಲಿ ಆಗುವ ಮಾರಾಟವನ್ನು ಬಿಟ್ಟರೆ ಉಳಿದದ್ದೆಲ್ಲ ವಾಟ್ಸ್‌ಆ್ಯಪ್ ಬಿಸಿನೆಸ್ ಮತ್ತು ಇನ್‌ಸ್ಟಾಗ್ರಾಂ ಮೂಲಕವೇ ನಡೆಯುತ್ತದೆ. ಈ ಎರಡನ್ನೂ ಹಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿರುವುದರಿಂದ, ಇದೇ ದಾರಿ ಹಿಡಿಯಬೇಕೆಂದಿರುವ ಕೈಕಸುಬಿನವರಿಗೆ ಅನುಕೂಲವಾಗಲೆಂದು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮಂಥ ವ್ಯಾಪಾರಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್ ಇಲ್ಲದೆ ಆಗುವುದಿಲ್ಲ. ಇನ್‌ಸ್ಟಾಗ್ರಾಂ ಬೇಕು, ಆದರೆ ಅದು ಕೇಳುವ ವೇಗಕ್ಕೆ ನಮ್ಮ ಕೈಕೆಲಸವನ್ನು ಒಗ್ಗಿಸಲು ಹೋಗಬಾರದು.

ಹೀಗೇಕೆ ಹೇಳುತ್ತೇನೆ ಎಂಬುದು ತಿಳಿಯಬೇಕಾದರೆ ಬುಟ್ಟಿ ಆಗುವ ಬಗೆಯನ್ನು ಸ್ವಲ್ಪ ಹೇಳಬೇಕು. ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಂಗಸರ ಕಲೆ. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆಯ ಮನೆಗಳಲ್ಲಿ ಮದುವೆಯ ಗೋಡೆಯ ಮೇಲೂ ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಮೇಲೂ ಅದನ್ನು ಬರೆಯುತ್ತಾರೆ. ಮೇದಾರರಿಂದ ತಂದ ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಯ ಬಿಳಿ, ಹುರಿದು ಕರಿಕು ಮಾಡಿದ ಅಕ್ಕಿಯ ಕಪ್ಪು, ಗುರಗೆ ಕಾಯಿಯ ಹಳದಿಯಿಂದ ಎಳೆ ಎಳೆಯುತ್ತಾರೆ. ಕುಂಚವೆಂದರೆ ಪುಂಡಿ ನಾರು. ಪ್ರತಿ ಬಳಿತವೂ ತಾನಾಗಿ ಒಣಗಬೇಕು, ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಒಂದು ಬುಟ್ಟಿಯಂತೆ ಇನ್ನೊಂದು ಇರುವುದಿಲ್ಲ. ಹೀಗಿರುವುದರಿಂದ, ಒಂದೇ ಮಾದರಿಯ ವಸ್ತುವನ್ನು ನೂರಾರು ಸಂಖ್ಯೆಯಲ್ಲಿ ಮಾರುವವರಿಗೆ ಹೊಂದುವ ಸೌಲಭ್ಯಗಳೆಲ್ಲ ನಮಗೆ ಹೊಂದುವುದಿಲ್ಲ.

ವಾಟ್ಸ್‌ಆ್ಯಪ್ ಬಿಸಿನೆಸ್ 2018ರ ಜನವರಿಯಲ್ಲಿ ಬಂತು, ಅದರೊಳಗಿನ ಕ್ಯಾಟಲಾಗ್ 2019ರ ನವೆಂಬರ್‌ನಲ್ಲಿ ಸೇರಿತು. ನಮ್ಮ ಪಾಲಿಗೆ ಇಡೀ ಆ್ಯಪ್‌ನಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಕ್ಯಾಟಲಾಗೇ. ಅದರಲ್ಲಿ 500 ವಸ್ತುಗಳವರೆಗೆ ಹಾಕಬಹುದು, ಒಂದೊಂದಕ್ಕೆ 10 ಚಿತ್ರಗಳವರೆಗೆ ಸೇರಿಸಬಹುದು. ಬೆಲೆ, ವಿವರಣೆ, ವಸ್ತುವಿನ ಸಂಖ್ಯೆಗೆ ಪ್ರತ್ಯೇಕ ಜಾಗವಿದೆ. ನಾವು ಪ್ರತಿ ಬುಟ್ಟಿಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಚೀಟಿಯನ್ನು ಬುಟ್ಟಿಯ ತಳಕ್ಕೆ ಅಂಟಿಸುತ್ತೇವೆ. ಬುಟ್ಟಿ ಮಾರಾಟವಾದ ಕೂಡಲೇ ಕ್ಯಾಟಲಾಗ್‌ನಲ್ಲಿ ಅದನ್ನು ಅಳಿಸುವುದಿಲ್ಲ, ಮರೆಮಾಡುತ್ತೇವೆ. ಮುಂದೆ ಯಾರಾದರೂ ಅಂಥದ್ದೇ ಕೇಳಿದರೆ ಹಳೆಯ ಚಿತ್ರವನ್ನು ತೋರಿಸಿ ಮಾತು ಮುಂದುವರಿಸಲು ಇದರಿಂದ ಅನುಕೂಲವಾಗುತ್ತದೆ. ವಿವರಣೆಯಲ್ಲಿ ಅಗಲ, ಎತ್ತರ, ತೂಕ, ಬಳಸಿದ ಬಣ್ಣ ಇವನ್ನಷ್ಟೇ ಅಲ್ಲದೆ ನೀರು ತಾಗಿಸಬಾರದು, ಒಣಬಟ್ಟೆಯಲ್ಲಿ ಮಾತ್ರ ಒರೆಸಬೇಕು ಎಂಬುದನ್ನೂ ಬರೆಯುತ್ತೇವೆ. ಕೆಮ್ಮಣ್ಣಿನ ವಸ್ತುವನ್ನು ಹಣ್ಣು ತೊಳೆದಿಡುವ ಬುಟ್ಟಿಯೆಂದು ಭಾವಿಸಿ ಕೊಳ್ಳುವವರು ಪಟ್ಟಣದಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಕೊಳ್ಳುವ ಮೊದಲೇ ವಿಷಯ ತಿಳಿಯಬೇಕು.

ಹೆಚ್ಚಿನ ಮಾತುಕತೆ ನಡೆಯುವುದು ‘ಇದೇ ತರಹದ್ದು ಇನ್ನೊಂದು’ ಎಂಬ ಕೋರಿಕೆಯ ಸುತ್ತ. ಬೆಂಗಳೂರಿನ ಒಬ್ಬ ಗ್ರಾಹಕಿ, ಮಗಳ ಮದುವೆಗೆ ತಾಂಬೂಲ ಇಟ್ಟುಕೊಡಲೆಂದು ಚಿಕ್ಕ ಬುಟ್ಟಿಗಳನ್ನು ಕೇಳುತ್ತ, “ಎಲ್ಲದರಲ್ಲೂ ಜೋಗಿ ಜಡೆ ಹೀಗೇ ಬರಬೇಕು ಮೇಡಂ, ಫೋಟೋದಲ್ಲಿ ಇರೋ ಹಾಗೇ” ಎಂದು ಬರೆದಿದ್ದರು. ಜೋಗಿ ಜಡೆ ಎಂದರೆ ಚಿತ್ತಾರದ ಒಂದು ಮಾದರಿ. ಆ ಸಂದೇಶವನ್ನು ಅತ್ತೆಯವರಿಗೆ ಓದಿ ಹೇಳಿದಾಗ ಅವರು, “ಅದೇ ಜಡೆ ಬರೀತೇನೆ, ಆದ್ರೆ ಕೈ ಅದೇ ಇರ್ತದೆ ಅಂತ ಹೇಳ್ಬೇಡ” ಎಂದರು. ಆ ಮಾತನ್ನೇ ಸ್ವಲ್ಪ ತಿದ್ದಿ ಶೀಘ್ರ ಉತ್ತರವಾಗಿ ಉಳಿಸಿಕೊಂಡಿದ್ದೇನೆ. ಶೀಘ್ರ ಉತ್ತರವೆಂದರೆ, ಮತ್ತೆ ಮತ್ತೆ ಬರೆಯಬೇಕಾದ ಸಾಲುಗಳನ್ನು ಮೊದಲೇ ಬರೆದಿಟ್ಟು, ಓರೆಗೆರೆಯೊಂದನ್ನು ಒತ್ತಿ ಕರೆದುಕೊಳ್ಳುವ ಸೌಲಭ್ಯ. ಎಳೆಯ ದಪ್ಪ, ಕೆಂಪಿನ ಗಾಢತೆ ಬುಟ್ಟಿಯಿಂದ ಬುಟ್ಟಿಗೆ ಬದಲಾಗುತ್ತದೆ, ಅದನ್ನು ಒಪ್ಪಿದರೆ ಮಾತ್ರ ಮುಂಗಡ ಕಳಿಸಿ ಎಂಬ ಆ ಉತ್ತರವು ಎಷ್ಟೋ ಜಗಳಗಳನ್ನು ಹುಟ್ಟುವ ಮೊದಲೇ ತಡೆದಿದೆ.

ಲೇಬಲ್‌ಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದೊಂದು ಮಾತುಕತೆಗೂ ಅಂಟಿಸುವ ಈ ಗುರುತುಗಳಿಗೆ ಹೊಸ ಆರ್ಡರ್, ಹಣ ಬರಬೇಕು, ಒಣಗುತ್ತಿದೆ, ಕಳಿಸಿದೆ ಎಂದು ನಮಗೆ ಬೇಕಾದಂತೆ ಹೆಸರಿಟ್ಟುಕೊಂಡಿದ್ದೇವೆ; ಚೆನ್ನಾಗಿ ಕೆಲಸ ಮಾಡುತ್ತವೆ.

ಒಮ್ಮೆಗೇ ಹಲವರಿಗೆ ಸಂದೇಶ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ಮಾತ್ರ ನಂಬಿ ಕೂರಬಾರದು. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು ನಿಜ, ಆದರೆ ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಸ್ಟೇಟಸ್ ಹಾಕಿದರೆ 24 ಗಂಟೆಗಳಲ್ಲಿ ಅಳಿದುಹೋಗುತ್ತದೆ. ಆದ್ದರಿಂದ ಗ್ರಾಹಕರು ನಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಮಾಡುವುದೇ ಪ್ರಚಾರದ ಮೊದಲ ಕೆಲಸ. ನಾವು ಮಾಡಿದ್ದು ಇಷ್ಟು: ಆ್ಯಪ್ ಕೊಡುವ ಕ್ಯೂಆರ್ ಕೋಡನ್ನು ಗಟ್ಟಿ ಕಾಗದದ ಮೇಲೆ ಮುದ್ರಿಸಿ, ಒಂದು ಬದಿಗೆ ಬುಟ್ಟಿ ಬರೆದವರ ಹೆಸರು, ಇನ್ನೊಂದು ಬದಿಗೆ ಕೋಡ್ ಬರುವಂತೆ ಮಾಡಿ, ಬಾಳೆ ನಾರಿನ ದಾರದಿಂದ ಪ್ರತಿ ಬುಟ್ಟಿಗೂ ಕಟ್ಟುತ್ತೇವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿಯೂ, ಬನವಾಸಿಯ ಕದಂಬೋತ್ಸವದಲ್ಲಿಯೂ ಬುಟ್ಟಿ ಕೊಂಡವರು ಮನೆಗೆ ಹೋದ ಮೇಲೆ ಆ ಕೋಡ್ ಹಿಡಿದು ಸಂದೇಶ ಕಳಿಸುತ್ತಾರೆ. ಮತ್ತೆ ಮತ್ತೆ ಕೊಳ್ಳುವವರಲ್ಲಿ ಹೆಚ್ಚಿನವರು ಒಮ್ಮೆ ಬುಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದವರೇ. ಪರದೆಯ ಮೇಲೆ ಮಾತ್ರ ನೋಡಿದವರು ಮೆಚ್ಚುತ್ತಾರೆ, ಬೆಲೆ ಕೇಳುತ್ತಾರೆ, ಹಲವರು ಅಲ್ಲಿಗೇ ನಿಲ್ಲುತ್ತಾರೆ. ಸಾಮಾಜಿಕ ಜಾಲತಾಣ ಇದ್ದರೆ ಜಾತ್ರೆಯ ಮಳಿಗೆ ಬೇಡ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ನಮ್ಮ ಜಿಲ್ಲೆಯವರು ತಿಳಿದಿರಬೇಕಾದ ಇನ್ನೊಂದು ಮಿತಿಯಿದೆ. ನಾವು ಇಲ್ಲದಿರುವಾಗ ತಾನಾಗಿ ಉತ್ತರ ಕೊಡುವ ಸಂದೇಶವು ನಮ್ಮ ಫೋನಿಗೆ ಇಂಟರ್‌ನೆಟ್ ಇದ್ದರೆ ಮಾತ್ರ ಹೋಗುತ್ತದೆ. ಆಷಾಢದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದ ದಿನ ಗ್ರಾಹಕರಿಗೆ ಯಾವ ಉತ್ತರವೂ ಸಿಗುವುದಿಲ್ಲ. ಅವರು ನಮ್ಮನ್ನು ಅಸಡ್ಡೆಯವರೆಂದು ತಿಳಿಯುತ್ತಾರೆ. ಇದಕ್ಕೆ ನಾವು ಕಂಡುಕೊಂಡ ಪರಿಹಾರವೆಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನಲ್ಲಿ ಸಿಗ್ನಲ್ ಇರುವುದು ಕಷ್ಟ, ಉತ್ತರಕ್ಕೆ ಎರಡು ಮೂರು ದಿನ ಹಿಡಿಯಬಹುದು ಎಂದು ವ್ಯಾಪಾರದ ವಿವರದ ಮೊದಲ ಸಾಲಿನಲ್ಲೇ ಬರೆದಿಡುವುದು. ಮಳೆಗಾಲದಲ್ಲಿ ಹೊಸ ಬುಟ್ಟಿಯ ಆರ್ಡರ್ ತೆಗೆದುಕೊಳ್ಳುವುದೂ ಇಲ್ಲ, ಸಿದ್ಧವಿರುವುದನ್ನಷ್ಟೇ ಮಾರುತ್ತೇವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದಾಗ ಕಾರವಾರ, ಗೋವಾದ ಕಡೆಗೆ ಹೋಗಬೇಕಿದ್ದ ಪಾರ್ಸೆಲ್‌ಗಳನ್ನು ತಡೆಹಿಡಿದು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಧ್ವನಿ ಸಂದೇಶ ಕಳಿಸಿದೆವು. ಹಣ ವಾಪಸ್ ಕೇಳಿದವರು ಯಾರೂ ಇರಲಿಲ್ಲ. ಬರೆದ ಸೂಚನೆಗಿಂತ ಮನುಷ್ಯರ ದನಿಗೆ ಜನ ಬೆಲೆ ಕೊಡುತ್ತಾರೆ ಎಂಬುದು ನನಗೆ ಆಗ ಇನ್ನಷ್ಟು ಖಚಿತವಾಯಿತು.

ಇನ್ನು ಇನ್‌ಸ್ಟಾಗ್ರಾಂ. ಭಾರತದಲ್ಲಿ ರೀಲ್ಸ್ ಬಂದದ್ದು 2020ರ ಜುಲೈನಲ್ಲಿ. ಚಿತ್ತಾರಕ್ಕೆ ರೀಲ್ಸ್ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಈ ಕಲೆಯಲ್ಲಿ ನೋಡಬೇಕಾದದ್ದು ಸಿದ್ಧವಾದ ಬುಟ್ಟಿಯಷ್ಟೇ ಅಲ್ಲ, ಅದನ್ನು ಬರೆಯುವ ಕೈ. ಅತ್ತೆಯವರು ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಪುಂಡಿ ನಾರನ್ನು ಬಿಳಿಯಲ್ಲಿ ಅದ್ದಿ, ತುದಿಯನ್ನು ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ, ಬಲಗೈಯನ್ನು ಕದಲಿಸದೆ ಎಡಗೈಯಿಂದ ಬುಟ್ಟಿಯನ್ನೇ ನಿಧಾನವಾಗಿ ತಿರುಗಿಸುತ್ತಾರೆ. ಎಳೆ ತಾನಾಗಿ ಸುತ್ತು ಬಂದು ಹೊರಟ ಜಾಗಕ್ಕೇ ಸೇರುತ್ತದೆ. ಸಂಗೀತವಿಲ್ಲದೆ, ಕತ್ತರಿಸದೆ ಹಾಕಿದ ಆ ವಿಡಿಯೊವನ್ನು ಜನ ಉಳಿಸಿಕೊಂಡಷ್ಟು ಬೇರಾವುದನ್ನೂ ಉಳಿಸಿಕೊಂಡಿಲ್ಲ. ವೃತ್ತಿಪರ ಖಾತೆಯಲ್ಲಿ ಸಿಗುವ ಅಂಕಿಅಂಶಗಳನ್ನು ನೋಡುವಾಗ ನಾನು ಲೈಕ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೇವ್ ಮಾಡಿದವರು ಮತ್ತು ಬೇರೆಯವರಿಗೆ ಕಳಿಸಿದವರು ಎಷ್ಟು ಎಂಬುದನ್ನು ನೋಡುತ್ತೇನೆ. ಆರ್ಡರ್ ಬರುವುದು ಅಂಥವರಿಂದ.

ಬೆಳಕಿನ ವಿಷಯಕ್ಕೆ ಬಂದರೆ, ಕೆಮ್ಮಣ್ಣು ಫೋನಿನ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವ ಬಣ್ಣವಲ್ಲ. ಬಲ್ಬಿನ ಬೆಳಕಿನಲ್ಲಿ ಕಿತ್ತಳೆಯಾಗುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಪೇಲವವಾಗುತ್ತದೆ, ಫಿಲ್ಟರ್ ಹಾಕಿದರಂತೂ ಅದು ನಮ್ಮ ಮಣ್ಣೇ ಅಲ್ಲ. ಬೆಳಗ್ಗೆ ಜಗಲಿಯ ನೆರಳಿನಲ್ಲಿ, ಪಕ್ಕಕ್ಕೆ ಒಂದು ಬಿಳಿ ಪಂಚೆ ಹಾಸಿ ತೆಗೆದ ಚಿತ್ರ ನಿಜಕ್ಕೆ ಹತ್ತಿರವಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಚಿತ್ರ ಕುಗ್ಗಿ ಸಣ್ಣ ಎಳೆಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯನ್ನು ಒತ್ತಿ ಕಳಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಬಣ್ಣದ ಮೇಲೆಯೇ ನಿಂತಿರುವ ಕಸುಬಿನವರು ಈ ಶ್ರಮವನ್ನು ಉಳಿಸಲು ಹೋಗಬಾರದು.

ಹ್ಯಾಷ್‌ಟ್ಯಾಗ್ ಬಗ್ಗೆ ನನಗೆ ಒಂದು ಗಟ್ಟಿ ನಿಲುವಿದೆ. ಚಿತ್ತಾರವನ್ನು ನೋಡಿದ ಹೊರಗಿನವರು ಅದನ್ನು ಮಹಾರಾಷ್ಟ್ರದ ವಾರ್ಲಿ ಚಿತ್ರಕಲೆ ಎಂದುಕೊಳ್ಳುವುದು ಸಾಮಾನ್ಯ. ವಾರ್ಲಿಯ ಹೆಸರಿನ ಟ್ಯಾಗ್ ಹಾಕಿದರೆ ಹೆಚ್ಚು ಜನರಿಗೆ ಕಾಣುತ್ತದೆ ಎಂಬ ಸಲಹೆಯೂ ನಮಗೆ ಬಂದಿದೆ. ಒಂದೊಂದಕ್ಕೂ ಅದರದೇ ಜನ, ಅದರದೇ ಆಚರಣೆ ಇರುವಾಗ ಇನ್ನೊಬ್ಬರ ಹೆಸರಿನಲ್ಲಿ ನಮ್ಮದನ್ನು ಮಾರುವುದು ಇಬ್ಬರಿಗೂ ಮಾಡುವ ಅನ್ಯಾಯ. ಚಿತ್ತಾರ, ದೀವರ ಚಿತ್ತಾರ, ಭೂಮಿ ಹುಣ್ಣಿಮೆ, ಶಿರಸಿ ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುತ್ತೇವೆ, ತೇರು, ಬಾಸಿಂಗ, ಭತ್ತದ ಸಸಿ ಎಂದು ಮಾದರಿಗಳ ಹೆಸರನ್ನೂ ಹೇಳುತ್ತೇವೆ. ನೋಡುವವರು ಕಡಿಮೆಯಾದರೂ ಹೆಸರು ತಿಳಿದು ಬಂದವರು ಬೆಲೆಯಲ್ಲಿ ಚೌಕಾಸಿ ಮಾಡುವುದೂ ಕಡಿಮೆ.

ಹಣ ಕೊಟ್ಟು ಪೋಸ್ಟನ್ನು ಮುಂದೆ ತಳ್ಳುವ ಜಾಹೀರಾತನ್ನು ಭೂಮಿ ಹುಣ್ಣಿಮೆ, ದೀಪಾವಳಿಗಳ ಮುಂಚೆ ಮಾತ್ರ, ನಗರಗಳ ಹೆಸರನ್ನು ನಾವೇ ಆಯ್ದು, ಸಣ್ಣ ಮೊತ್ತಕ್ಕೆ ಮಾಡುವುದು ಸಾಕು. ಕೈಯಲ್ಲಿ ಸಿದ್ಧ ಬುಟ್ಟಿಗಳಿಲ್ಲದಾಗ ಜಾಹೀರಾತು ಕೊಟ್ಟರೆ ಬರುವುದು ವಿಚಾರಣೆಗಳು ಮಾತ್ರ, ಅವುಗಳಿಗೆ ಉತ್ತರ ಬರೆಯುವುದರಲ್ಲೇ ಬರೆಯುವ ಕೈಗಳ ಹೊತ್ತು ಹೋಗುತ್ತದೆ. ದಿನಕ್ಕೊಂದು ರೀಲ್ ಹಾಕಬೇಕು, ಇಲ್ಲದಿದ್ದರೆ ಖಾತೆ ಬೆಳೆಯುವುದಿಲ್ಲ ಎಂದು ಹೇಳಿ ತಿಂಗಳ ಶುಲ್ಕ ಕೇಳಿದ ಪ್ರಚಾರದವರಿಗೆ ನಾವು ಬೇಡವೆಂದೆವು. ಬುಟ್ಟಿ ಒಣಗಲು ತೆಗೆದುಕೊಳ್ಳುವ ಹೊತ್ತಿನಲ್ಲಿ ತೋರಿಸಲು ಹೊಸದೇನೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಸಾಗಣೆಯ ಖರ್ಚನ್ನು ಲೆಕ್ಕ ಹಾಕದೆ ಆನ್‌ಲೈನ್ ಮಾರಾಟಕ್ಕೆ ಇಳಿಯಬೇಡಿ ಎಂದು ಬುಟ್ಟಿ ಹೆಣೆಯುವ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕೊರಿಯರ್‌ನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. 35 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 25 ಎತ್ತರದ ಪೆಟ್ಟಿಗೆಯು ಒಳಗೆ ಒಂದು ಕಿಲೋ ಬುಟ್ಟಿಯಿದ್ದರೂ ಆರು ಕಿಲೋಗಿಂತ ಹೆಚ್ಚಿನ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ದೂರದ ಊರುಗಳಿಗೆ ಚಪ್ಪಟೆ ಹಲಗೆ, ತೋರಣ ಮತ್ತು ಒಂದರೊಳಗೊಂದು ಕೂರುವ ಚಿಕ್ಕ ಬುಟ್ಟಿಗಳನ್ನು ಮಾತ್ರ ಕಳಿಸುತ್ತೇವೆ. ದೊಡ್ಡ ಬುಟ್ಟಿ ಬೇಕಾದವರಿಗೆ ಸಾಗಣೆಯ ವೆಚ್ಚವನ್ನು ಕ್ಯಾಟಲಾಗ್‌ನಲ್ಲೇ ಬೇರೆಯಾಗಿ ತೋರಿಸಿ, ಶಿರಸಿಗೆ ಬಂದು ಒಯ್ಯುವ ಅವಕಾಶವನ್ನೂ ಕೊಟ್ಟಿದ್ದೇವೆ.

ಯುಪಿಐ ಹಣದ ವಿಷಯದಲ್ಲಿ, ಗ್ರಾಹಕರು ಕಳಿಸುವ ಸ್ಕ್ರೀನ್‌ಶಾಟ್ ಪುರಾವೆಯಲ್ಲ. ನಮ್ಮ ಬ್ಯಾಂಕ್ ಖಾತೆಯಲ್ಲಿ ಮೊತ್ತ ಕಂಡ ಮೇಲೆಯೇ ಪಾರ್ಸೆಲ್ ಕಟ್ಟಬೇಕು. ‘ಖಾತೆ ರದ್ದಾಗುತ್ತದೆ, ಈ ಲಿಂಕ್ ಒತ್ತಿ’ ಎಂದು ಬರುವ ಸಂದೇಶಗಳು ಮೋಸದವು. ಎರಡೂ ಆ್ಯಪ್‌ಗಳಲ್ಲಿ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿಡಿ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್‌ಸ್ಟಾಗ್ರಾಂನ ಹಿಂಬಾಲಕರ ಪಟ್ಟಿಯನ್ನು ಫೋನ್ ಸಂಖ್ಯೆಗಳಾಗಿ ನಾವು ಹೊರತೆಗೆದುಕೊಳ್ಳಲು ಬರುವುದಿಲ್ಲ. ಖಾತೆ ಹೋದರೆ ಅವರೂ ಹೋದಂತೆ. ಅದಕ್ಕಾಗಿ ಒಮ್ಮೆ ಕೊಂಡ ಪ್ರತಿಯೊಬ್ಬರ ಹೆಸರು, ಊರು, ಫೋನ್ ಸಂಖ್ಯೆ, ಕೊಂಡ ಬುಟ್ಟಿಯ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ರೂಲಿನ ಪುಸ್ತಕವೊಂದರಲ್ಲಿ ಬರೆದಿಡುತ್ತೇವೆ. ಗುಂಪಿನ ಎಲ್ಲರಿಗೂ ಅದು ಓದಲು ಸಿಗುತ್ತದೆ. ಆ್ಯಪ್ ಮಾಡುವವರಲ್ಲಿ ನನ್ನ ಕೋರಿಕೆ ಎರಡು. ತಾನಾಗಿ ಹೋಗುವ ಉತ್ತರವು ನಮ್ಮ ಫೋನಿಗೆ ಸಿಗ್ನಲ್ ಇಲ್ಲದ ದಿನವೂ ಹೋಗುವಂತಾಗಬೇಕು, ಮತ್ತು ಕ್ಯಾಟಲಾಗ್‌ನಲ್ಲಿ ‘ಇದು ಒಂದೇ ಇದೆ’ ಎಂದು ಗುರುತು ಹಾಕಲು ಒಂದು ಜಾಗ ಬೇಕು. ಸದ್ಯಕ್ಕೆ ಆ ಮಾತನ್ನು ನಾವು ಪ್ರತಿ ವಿವರಣೆಯ ಮೊದಲಿಗೆ ಕೈಯಾರೆ ಬರೆಯುತ್ತಿದ್ದೇವೆ.